ತುಳಿಹಲಗೆಯ ವಿಮಾನ

ಕಂಪ್ಯೂಟರ್ ಆಟದ ವಿಮಾನ ರನ್‌ವೇಗೆ ಇಳಿಯುತ್ತಿತ್ತು, ಸರಸ್ವತಮ್ಮನ ಕಾಲುಗಳು ಮಾತ್ರ ಸೀರೆ ನೇಯುತ್ತಿದ್ದವು. ಅವಳೇ ಕಲ್ಯಾಣದುರ್ಗದಿಂದ ತಂದುಕೊಟ್ಟ ಹಳೇ ಮಗ್ಗದ ಎರಡು ತುಳಿಹಲಗೆಗಳನ್ನು ಹಿಂದೂಪುರದ ತಮ್ಮ ಕೇಶವಯ್ಯ ಮೇಜಿನಡಿ ಬಿಗಿದು, ವೈರು ಎಳೆದು, ವಿಮಾನ ತಿರುಗಿಸುವ ಪೆಡಲು ಮಾಡಿಕೊಂಡಿದ್ದ. ಎಡ, ಬಲ, ಎಡ, ಬಲ. ವಿಮಾನ ಕುಡಿದವನಂತೆ ತೂರಾಡಿತು.

“ಅಯ್ಯೋ ಅಕ್ಕಾ, ಎಡಗಾಲು ಒಂದೇ ಒತ್ತು!”

ಮೂವತ್ತು ವರ್ಷ ಮಗ್ಗದಲ್ಲಿ ಜೋಡಿಯಾಗಿ ಆಡಿದ ಕಾಲುಗಳು ಮಾತು ಕೇಳಬೇಕಲ್ಲ! ಉಸಿರು ಬಿಗಿಹಿಡಿದು ಬಲಗಾಲನ್ನು ಹಲಗೆಯಿಂದ ಎತ್ತೇಬಿಟ್ಟಳು. ವಿಮಾನ ನೆಟ್ಟಗಾಯಿತು, ಚಕ್ರ ನೆಲ ಮುಟ್ಟಿತು. ಮೂರು ತಿಂಗಳಿಂದ ಒಮ್ಮೆಯೂ ಇಳಿಸಲಾಗದಿದ್ದ ಕೇಶವಯ್ಯ ಕುಣಿದೇಬಿಟ್ಟ. ಆಮೇಲೆ ಗಡಿಯಾರ ನೋಡಿ ಬೆಚ್ಚಿದ. “ಅಕ್ಕಾ, ನಿನ್ನ ಕಲ್ಯಾಣದುರ್ಗದ ಬಸ್ಸು!”

“ಹೋದ್ರೆ ಹೋಗ್ಲಿ ಕಣ್ಲಾ,” ಸರಸ್ವತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಇದ್ನ ಮತ್ತೆ ಮ್ಯಾಕೆ ಎತ್ತಾದು ಹೆಂಗೆ, ಅದ್ನ ಹೇಳು.”