ಬಲತೋಳಿನ ಮೇಲಿನ ತಲೆ

ಕಡಲಾಚೆಯ ದೊಡ್ಡ ಚರ್ಚಿನಲ್ಲಿ, ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ಅಮೃತಶಿಲೆಯ ಮಾತೆಯ ಮುಂದೆ ಗೊಂಬೆ ಮೇಸ್ತ್ರಿಯ ಬಾಯಿ ಕಟ್ಟಿಹೋಯಿತು. ಆ ಬಾಯಿ ಸಾಮಾನ್ಯದ್ದಲ್ಲ. ಇಲ್ಲಿಗೆ ಬರುವಾಗ ವಿಮಾನದಲ್ಲಿ ಪೈಲಟ್ಟಿಗೂ ಶಿಲ್ಪಕಲೆಯ ಪಾಠ ಹೇಳಿದ ಬಾಯಿ. ಲೋಕದ ಅರ್ಧ ಚರ್ಚುಗಳಲ್ಲಿ ಕೂತಿರುವ ಸಿಮೆಂಟಿನ ಮಾತೆಯರೆಲ್ಲ ಇವನ ಕೈಯವರೇ. ಅವರೆಲ್ಲರ ಎಡತೋಳಿನ ಮೇಲೆ ಮಗನ ತಲೆ. ಇಲ್ಲಿ, ಮೂಲ ಮೂರ್ತಿಯಲ್ಲಿ, ಆ ತಲೆ ಬಲತೋಳಿನ ಮೇಲಿತ್ತು.

ಮೇಸ್ತ್ರಿ ಜೇಬಿನಿಂದ ಇದೇ ಮೂರ್ತಿಯ ಹಳೆಯ ಕ್ಯಾಲೆಂಡರ್ ಚಿತ್ರ ತೆಗೆದ. ಅವನಿಗೆ ಗುರುವೂ ದೈವವೂ ಅದೇ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದ. ಮೂರ್ತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಕ್ಯಾಲೆಂಡರ್ ಮುದ್ರಿಸಿದವನು ಎಡಬಲ ಅದಲುಬದಲು ಮಾಡಿದ್ದ.

“ರೀ, ನಿಮ್ಮ ತಮ್ಮ ಇದನ್ನೇ ಹೇಳಿದ್ದಲ್ವಾ?” ಎಂದಳು ಹೆಂಡತಿ ಮೆಲ್ಲಗೆ. ಹೇಳಿದ್ದಷ್ಟೇ ಅಲ್ಲ, ತಲೆಯನ್ನು ಬಲಕ್ಕಿಟ್ಟು ಒಂದು ಗೊಂಬೆ ಮಾಡಿಯೂ ತೋರಿಸಿದ್ದ. ಮೇಸ್ತ್ರಿ ಅದನ್ನು ಒಡೆದ ಸದ್ದಿಗೆ ಸುತ್ತಲ ಬೀದಿಗಳ ನಾಯಿಗಳೆಲ್ಲ ಊರು ಬಿಟ್ಟವು, ತಮ್ಮನೂ ಬಿಟ್ಟ. ಈಗ ಯಾರದೋ ಗೋದಾಮಿನಲ್ಲಿ ಸಿಮೆಂಟ್ ಮೂಟೆ ಹೊರುತ್ತಾನೆ.

“ಒಂದು ಫೋನ್ ಮಾಡಿ. ನೀನು ಹೇಳಿದ್ದೇ ಸರಿ ಅನ್ನಿ ಸಾಕು, ಓಡಿ ಬರ್ತಾನೆ.” ಅವಳು ತನ್ನ ಫೋನನ್ನು ಅವನ ಕೈಗಿಟ್ಟಳು. ಮೇಸ್ತ್ರಿಯ ಕಣ್ಣಿಂದ ಕೊಡಗಟ್ಟಲೆ ನೀರಿಳಿಯಿತು. ಅವನು ಫೋನ್ ಎತ್ತಿ ಮೂರ್ತಿಯ ಫೋಟೊ ತೆಗೆದ. ತಮ್ಮನಿಗೆ ಕಳಿಸಲಿಕ್ಕೇ ಎಂದುಕೊಂಡ ಅವಳ ಮುಖ ಅರಳಿತು.

“ಊರಲ್ಲಿ ಎಲ್ರೂ ಫೋಟೊ ಕೇಳ್ತಾರೆ,” ಎಂದು ಮೇಸ್ತ್ರಿ ಫೋನನ್ನು ವಾಪಸು ಕೊಟ್ಟ. “ಇದರಲ್ಲಿ ಆ ತಲೇನ ಎಡಕ್ಕೆ ತರೋಕೆ ಬರುತ್ತಾ ನೋಡೇ.”