ಎರಡು ಕೀಲಿಕೈಯ ಬೀಗ

‘ಬನ್ನಿ ಸಾರ್, ಬನ್ನಿ! ಶೂ ಇರಲಿ, ಪರವಾಗಿಲ್ಲ,’ ಎಂದು ಮ್ಯೂಸಿಯಂನ ಮಾಲೀಕ ಅಚ್ಚ ಮೈಸೂರು ಕನ್ನಡದಲ್ಲಿ ಕರೆದಾಗ, ತನ್ನನ್ನು ಬಲೆಗೆ ಬೀಳಿಸಿದ್ದಾರೆ ಎಂಬುದು ದಾನಪ್ಪನಿಗೆ ಖಾತ್ರಿಯಾಯಿತು.

ಅನುಮಾನ ಮೆಸೇಜಿನಿಂದಲೇ ಶುರುವಾಗಿತ್ತು. ವುಡ್‌ರಿಡ್ಜ್‌ನಲ್ಲಿರುವ ಮಗಳು ಸಿಯಾ ಬರೆದಿದ್ದಳು: ‘ಅಪ್ಪಾ, ಈ ಸ್ಯಾಟರ್ಡೇ ಡ್ರೈವ್ ಮಾಡ್ಕೊಂಡು ಬಾ. ಅರೋರಾದಾಗ ಬೀಗ ತೋರಸ್ತೀನಿ.’ ಬಾಗಿಲಿಗೆ ಹಾಕುವ ಬೀಗವೋ, ಮಗಳನ್ನು ಕೊಡುವ ಮನೆಯ ಬೀಗನೋ? ಅಮೆರಿಕದಲ್ಲಿ ಹುಟ್ಟಿದ ಹುಡುಗಿ, ಕನ್ನಡ ಕೂಟದ ಮೈಸೂರು ಕಡೆಯ ಗೆಳತಿಯರಿಂದ ಅವಳ ಭಾಷೆ ಬೇರೆ ಕಲಬೆರಕೆಯಾಗಿತ್ತು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಹೊರಟ ದಾನಪ್ಪ ಇಂಡಿಯಾನಾ ದಾಟುವವರೆಗೂ ಆ ಒಂದು ಶಬ್ದವನ್ನೇ ಅಗಿಯುತ್ತ ಬಂದ. ಹೆಂಡತಿ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದದ್ದೂ ಈಗ ಸಂಚಿನ ಭಾಗವಾಗಿ ಕಂಡಿತು.

ಸಂಚಿಗೆ ಕಾರಣವಿತ್ತು. ಸಿಯಾ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಅವನ ಮನೆಯವರೂ ಕನ್ನಡದವರೇ, ಒಮ್ಮೆ ಬಂದು ನೋಡು ಎಂದು ಅಂಗಲಾಚಿದ್ದಳು. ಅಪ್ಪ ಒಪ್ಪದೆ ಮದುವೆ ಬೇಡ ಎಂದು ಅವಳು. ತಾನು ಹುಡುಕದ ಸಂಬಂಧದ ಹೆಸರು ಕೂಡ ಕಿವಿಗೆ ಬೀಳಬಾರದು ಎಂದು ದಾನಪ್ಪ. ‘ನಮ್ಮ ಕಡೆಯವರೇ ಆಗಬೇಕು’ ಎಂಬುದು ಅವನ ಹಠ. ಕಡೆ ಎಂದರೆ ಜಿಲ್ಲೆಯೋ ಜಾತಿಯೋ, ಅದನ್ನು ಬಿಡಿಸಿ ಹೇಳುವ ಗೊಡವೆಗೆ ಅವನು ಹೋಗಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಅವಳ ಮುಖ ಸಣ್ಣದಾದದ್ದನ್ನು ಕಂಡು ಅವನಿಗೂ ಸಂಕಟವಾಗುತ್ತಿತ್ತು. ಆದರೆ ಆಡಿದ ಮಾತಿನಿಂದ ಹಿಂದೆ ಸರಿಯುವುದು ಹೇಗೆಂದು ತಿಳಿದಿರಲಿಲ್ಲ.

ಮಗಳ ಜೊತೆ ಅರೋರಾ ತಲುಪಿ, ಡೌನ್‌ಟೌನ್‌ನಲ್ಲಿ ‘ಲಾಕ್ ಮ್ಯೂಸಿಯಂ’ ಎಂಬ ಬೋರ್ಡು ಕಂಡಾಗ ಒಂದು ಕ್ಷಣ ಜೀವ ಹಗುರಾಗಿತ್ತು. ಸಿಯಾಳಿಗೆ ಈ ಹುಚ್ಚು ಮೊದಲಿನಿಂದಲೂ ಇತ್ತು. ಕಳೆದ ಸಲ ಅದೇ ಬೀದಿಯ ಚಮಚದ ಮ್ಯೂಸಿಯಂ, ಅದಕ್ಕೂ ಮೊದಲು ಅಂಗಿಯ ಗುಂಡಿಗಳದು. ಹೆಂಡತಿ ಎಸೆಯಿರಿ ಎಂದು ಗೋಗರೆದದ್ದನ್ನೆಲ್ಲ ಗಾಜಿನ ಹಿಂದೆ ಇಟ್ಟರೆ ಅದೇ ಮ್ಯೂಸಿಯಂ ಎಂಬುದು ದಾನಪ್ಪನ ಅಭಿಪ್ರಾಯ.

ಆದರೆ ಒಳಗೆ ಕನ್ನಡದ ಮಾಲೀಕ! ಹೆಸರು ಪ್ರಕಾಶ್. ಟಿಕೆಟ್ ಕೊಡುವ ಮೊದಲೇ ಕಾಫಿ ಬಗ್ಗಿಸಿದ. ‘ಶುಗರ್ ಇದೆಯಾ ಸಾರ್?’ ಎಂದ. ಬೀಗತನಕ್ಕೆ ಮುಂಚೆಯೇ ಆರೋಗ್ಯದ ವಿಚಾರಣೆ ಎಂದುಕೊಂಡ ದಾನಪ್ಪ. ‘ಈ ಲೈಟಿಂಗ್ ಎಲ್ಲಾ ನನ್ನ ಮಗ ಋಷಿ ಮಾಡಿದ್ದು. ಬಂಗಾರದಂಥ ಹುಡುಗ,’ ಎಂದು ಪ್ರಕಾಶ್ ಸೇರಿಸಿದ. ಇನ್ನೇನು ಬೇಕು ಸಾಕ್ಷಿ?

‘ಅಪ್ಪಾ, ಪ್ಲೀಸ್, ಬಿ ನೈಸ್,’ ಸಿಯಾ ಪಿಸುಗುಟ್ಟಿದಳು. ‘ಹಿಂದಿನ ರೂಮ್ ಬೆಸ್ಟ್. ಅಲ್ಲಿಗೆ ಹೋಗು.’

ಹಿಂದಿನ ಕೋಣೆಯಲ್ಲಿ ಇನ್ನೊಬ್ಬ ಸಂದರ್ಶಕನಿದ್ದ. ನರೆತ ಗಡ್ಡ, ಅಂಗೈಯಲ್ಲಿ ಗ್ರೀಸಿನ ಕಲೆ. ಹಳೆಯ ಖಜಾನೆಯ ಕಬ್ಬಿಣದ ಬೀಗವೊಂದರ ಜೊತೆ ಗುದ್ದಾಡುತ್ತಿದ್ದ. ಇಡೀ ಮ್ಯೂಸಿಯಂನಲ್ಲಿ ಮುಟ್ಟಿ ನೋಡಬಹುದಾದ ವಸ್ತು ಅದೊಂದೇ.

‘ಎರಡು ಕೀಲಿಕೈ ಒಮ್ಮೆಲೆ ತಿರುವಬೇಕಂತ್ರಿ,’ ಎಂದ ಅವನು. ‘ಒಬ್ಬಂವಗ ಈ ಕೀಲಿ ಬಗ್ಗೂದಿಲ್ಲ.’

ದಾನಪ್ಪನ ಕಿವಿ ನಿಮಿರಿತು. ತನ್ನ ಊರ ಕಡೆಯವರ ಹಾಗೆ ಬಾಗಿಲಿಗೆ ಕೀಲಿ ಹಾಕುವವರನ್ನು ಕಾಣದೆ ಎಷ್ಟು ಕಾಲವಾಗಿತ್ತೋ.

‘ಯಾವೂರ್ರಿ ನಿಮ್ದು?’

‘ಇಳಕಲ್ಲರಿ. ಈಗ ಗ್ಲೆಂಡೇಲ್ ಹೈಟ್ಸ್. ಟೈರಿನ ಅಂಗಡಿ ಐತಿ.’

‘ನಂದು ಹುನಗುಂದ! ಇಷ್ಟು ದೂರ ಬಂದು ಬಾಜೂ ಊರಾವ್ರು ಸಿಕ್ಕಿರಲ್ಲಪಾ!’

ಹೆಸರು ಕೇಳಲು ಪುರುಸೊತ್ತಾಗಲಿಲ್ಲ. ರೊಟ್ಟಿ, ಗುರೆಳ್ಳು ಚಟ್ನಿ, ಇಳಕಲ್ ಸೀರೆಯ ಕೆಂಪು ಸೆರಗು ಎಲ್ಲ ಬಂದುಹೋದವು. ‘ನನ್ನ ಮಗಳು ಇಲ್ಲೇ ಹುಟ್ಟಿದಾಕಿ. ಆದ್ರೂ ಈ ವರ್ಷ ಕೈಲೇ ರೊಟ್ಟಿ ಬಡಿಯೂದು ಕಲ್ತಾಳ. ಯಾರ್ ಕಲಿಸಿದ್ರೋ ಏನೋ!’ ಎಂದು ದಾನಪ್ಪ ಹೆಮ್ಮೆಪಟ್ಟ.

‘ಯಾರೋ ಪುಣ್ಯಾತಗಿತ್ತಿ ಕಲಿಸಿರಬೇಕು ಬಿಡ್ರಿ,’ ಎಂದ ಅವನು, ಕಣ್ಣನ್ನು ಕೀಲಿಯ ಮೇಲೇ ಇಟ್ಟು.

ಇಬ್ಬರೂ ಒಂದೊಂದು ಕೀಲಿಕೈ ಹಿಡಿದು ತಿರುವಿದರು. ಖಟ್ ಎಂದು ತೆರೆಯಿತು. ದಾನಪ್ಪ ಮಗುವಿನಂತೆ ನಕ್ಕ. ನಕ್ಕ ಮೇಲೆ ಮನಸ್ಸಿನೊಳಗಿನದೂ ಹೊರಬಂತು. ಮುಂದಿನ ಕೋಣೆಯಲ್ಲಿದ್ದ ಪ್ರಕಾಶನತ್ತ ಗದ್ದ ತೋರಿಸಿ ದನಿ ತಗ್ಗಿಸಿದ.

‘ಅಂವ ನನ್ನ ಬೀಗ ಆಗಾಕ ಹೊಂಚು ಹಾಕ್ಯಾನ್ರಿ. ಮಗಳು ಅದಕ್ಕ ಕರಕೊಂಡು ಬಂದಾಳ. ಆಕಿ ಅಳೂದು ನೋಡಾಕ ಆಗವಲ್ದು ನನಗ. ನಿಮ್ಮಂಥಾವ್ರು ಬೀಗರಾಗಿದ್ರ ಕಣ್ಣು ಮುಚ್ಚಿ ಹೂಂ ಅಂತಿದ್ದೆ.’

‘ಖರೇನ?’

‘ಹುನಗುಂದದಾವನ ಮಾತ್ರಿ. ತಪ್ಪಂಗಿಲ್ಲ.’

ಸಿಯಾ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ದಾನಪ್ಪ ಅವಳನ್ನು ದಾಟಿ ನೇರ ಪ್ರಕಾಶನ ಮುಂದೆ ಹೋಗಿ ನಿಂತ. ‘ನೋಡ್ರಿ, ನಿಮ್ಮ ಮಗ ಬಂಗಾರನ ಇರಬಹುದು. ಆದ್ರ ಈ ಸಂಬಂಧ ಆಗೂದಿಲ್ಲ.’

ಪ್ರಕಾಶ್ ಕಾಫಿ ಲೋಟ ಹಿಡಿದೇ ಕಕ್ಕಾಬಿಕ್ಕಿಯಾದ. ‘ಯಾವ ಸಂಬಂಧ ಸಾರ್? ಅವನಿಗೆ ಮದುವೆಯಾಗಿ ಮಗು ಸ್ಕೂಲಿಗೆ ಹೋಗ್ತಿದೆ. ನಾನು ಬೀಗ ತೋರಿಸೋನು, ಅಷ್ಟೆ.’

ದಾನಪ್ಪನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ನಿರಾಳ. ಮಗಳ ಕಡೆ ತಿರುಗಿದ. ‘ಅಂದ್ರ ನೀ ಬರದದ್ದು ಬರೇ ಈ ಕಬ್ಬಿಣದ್ದರ ಸಲುವಾಗಿ ಏನವಾ?’

‘ಅಪ್ಪಾ, ಕಮಾನ್. ನಮ್ಮ ಮನಿಯಾಗ ಲಾಕ್‌ಗೆ ಕೀಲಿ ಅಂತೀವಿ. ಬೀಗ ಅಂತ ಯಾವಾಗ ಅಂದೀವಿ?’

ಹಿಂದಿನಿಂದ ಗ್ರೀಸಿನ ಕಲೆಯ ಕೈಯೊಂದು ಮೆಲ್ಲಗೆ ದಾನಪ್ಪನ ಹೆಗಲ ಮೇಲೆ ಬಂದು ಕೂತಿತು. ‘ನಾ ಇಕ್ರಾಮ್, ನಿಮ್ಮ ಮಗಳು ಮೆಚ್ಚಿದ ಹುಡುಗ ಒವೈಸ್‌ನ ಅಪ್ಪ. ಕಣ್ಣು ಮುಚ್ಚಿ ಹೂಂ ಅಂದೀರಿ. ಈಗ ತೆಗೀರಿ, ಬೀಗ್ರೇ.’