ಬ್ರೇಕ್ ಹೋಗಿದೆ ಎಂದವನು

ಎರಡನೇ ಸಲ ಡ್ರಾಯರನ್ನು ಒದ್ದಾಗ ಅದರಲ್ಲಿ ಸಿಕ್ಕಿಸಿದ್ದ ಕರ್ಟ್ ಲೆನಹನ್‌ನ ಕೈಬೆರಳುಗಳು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

ಶನಿವಾರ ಮಧ್ಯಾಹ್ನ. ಪಿಟ್ಸ್‌ಬರ್ಗಿನ ಹೊರವಲಯದ ಆ ಕಾರು ಮಳಿಗೆಯ ಸರ್ವೀಸ್ ವಿಭಾಗದಿಂದ ಮೆಕ್ಯಾನಿಕ್‌ಗಳೆಲ್ಲ ಮನೆಗೆ ಹೋಗಿದ್ದರು. ಗಿರಾಕಿಗಳಿಗೆ ಕಾರಿನ ರೋಗ ವಿವರಿಸುವ ಲೆನಹನ್ ಮಾತ್ರ ಬಾಗಿಲು ಹಾಕಲು ಉಳಿದಿದ್ದ. ಆಗ ಒಳಗೆ ಬಂದವನು ವರ್ಜಿಲ್ ಸ್ಟ್ರೌಡ್. ಅರವತ್ತು ದಾಟಿದವನು. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು, ಮೈಮೇಲೆ ಕಪ್ಪು ಕೋಟು, ಬೂಟಿಗೆ ಸ್ಮಶಾನದ ಹಸಿಮಣ್ಣು. ದೇವರು ಕೊಟ್ಟ ಒಬ್ಬಳೇ ಮಗಳನ್ನು ಅವನು ಆಗತಾನೇ ಮಣ್ಣಿಗೆ ಕೊಟ್ಟು ಬಂದಿದ್ದ.

ಮಗಳ ಹೆಸರು ಮೆರಿಡಿತ್ ಎಂದ. ಸೋಮವಾರ ಆಯಿಲ್ ಬದಲಿಸಲು ಅವಳು ಕಾರನ್ನು ಇಲ್ಲಿಗೆ ತಂದಿದ್ದಳು. ಅದೇ ಸಂಜೆ ಇಳಿಜಾರಿನಲ್ಲಿ ಕಾರು ನಿಲ್ಲದೆ ಲಾರಿಯ ಅಡಿಗೆ ನುಗ್ಗಿತ್ತು.

ಅಷ್ಟು ಹೇಳಿ ಸ್ಟ್ರೌಡ್ ನೇರವಾಗಿ ಕೆಲಸದ ಮೇಜಿನ ಬಳಿಗೆ ಹೋದ. ಯಾರನ್ನೂ ಕೇಳದೆ ಕೆಳಗಿನ ಡ್ರಾಯರನ್ನು ಎಳೆದ. ಒಳಗೆ ಕಬ್ಬಿಣ ಕಾಣುವಷ್ಟು ಸವೆದ ಹಳೆಯ ಬ್ರೇಕ್ ಪ್ಯಾಡುಗಳಿದ್ದವು. ಇವು ಯಾತಕ್ಕೆ ಎಂದು ಕೇಳಿದ. ಬರೀ ಗುಜರಿ ಎಂದ ಲೆನಹನ್. ಸ್ಟ್ರೌಡ್ ಅವನ ಕೈಯನ್ನು ಡ್ರಾಯರಿಗೆ ತುರುಕಿ ಎರಡು ಸಲ ಒದ್ದ. ಬೆರಳುಗಳು ಮುರಿದ ಮೇಲೆ ಉತ್ತರ ಬದಲಾಯಿತು. ಬಂದವರಿಗೆಲ್ಲ ಇವನ್ನೇ ತೋರಿಸುವುದು. ನಿಮ್ಮ ಕಾರಿನವೇ, ಬ್ರೇಕ್ ಹೋಗಿದೆ, ಹೀಗೆ ಓಡಿಸಿದರೆ ಜೀವಕ್ಕೆ ಅಪಾಯ ಎನ್ನುವುದು. ಹೆದರಿದವರಿಗೆ ಹೊಸದನ್ನು ಮಾರುವುದು.

"ನನ್ನ ಮಗಳಿಗೂ ಹಂಗೇ ಹೇಳಿದ್ಯಾ?"

"ಹೂಂ, ಸಾರ್."

"ಸುಳ್ಳು ಹೇಳ್ದೆ, ಅಲ್ವಾ?"

ಲೆನಹನ್ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ರಾಡು ಅವನ ಬಲ ಮೊಣಕಾಲಿಗೆ ಬಿತ್ತು. ಅವನು ಕುಸಿದು ಬಾಗಿಲ ಕಡೆಗೆ ತೆವಳಿದ.

"ಮೊಣಕಾಲು ಸವೆದೋಗಿದೆ ಕಣಪ್ಪ," ಎಂದ ಸ್ಟ್ರೌಡ್. "ಒಂದೇ ಮಾಡ್ಸಿದ್ರೆ ಬಾಳಿಕೆ ಬರಲ್ಲ. ಜೊತೇಲೇ ಇನ್ನೊಂದೂ ಮಾಡ್ಸಿಬಿಡು."

ಎಡ ಮೊಣಕಾಲೂ ಹೋಯಿತು.

ಕಾರುಗಳನ್ನು ಎತ್ತಿ ನಿಲ್ಲಿಸುವ ಲಿಫ್ಟಿನ ಮೇಲೆ, ಆಳೆತ್ತರದಲ್ಲಿ ಒಂದು ಪಿಕಪ್ ಟ್ರಕ್ಕು ನಿಂತಿತ್ತು. ಸ್ಟ್ರೌಡ್ ಕಾಲರ್ ಹಿಡಿದು ಲೆನಹನ್‌ನನ್ನು ಅದರ ಅಡಿಗೆ ಎಳೆದು ಹಾಕಿದ. ಟ್ರಕ್ಕನ್ನು ತುಸು ಮೇಲಕ್ಕೆತ್ತಿ, ಅದು ಕೆಳಗಿಳಿಯದಂತೆ ತಡೆಯುವ ಕಂಬದ ಹಿಂದಿನ ಕೊಕ್ಕೆಯನ್ನು ಬಿಡಿಸಿ, ಲಿವರನ್ನು ಒತ್ತಿದ. ಕಣ್ಣು ಮಾತ್ರ ಲೆನಹನ್‌ನ ಮೇಲೇ ಇತ್ತು, ಕೈಯ ಕಡೆ ಒಮ್ಮೆಯೂ ತಿರುಗಲಿಲ್ಲ. ಟ್ರಕ್ಕು ನಿಧಾನವಾಗಿ ಕೆಳಗಿಳಿಯತೊಡಗಿತು.

"ಹೇಳು. ಅವಳ ಬ್ರೇಕ್ ಚೆನ್ನಾಗೇ ಇತ್ತು. ನೀನು ಸುಳ್ಳು ಹೇಳ್ದೆ."

"ಸುಳ್ಳೇ ಸಾರ್. ನಿಲ್ಸಿ ಸಾರ್. ನಾನು ಹೇಳೋದೆಲ್ಲ ಸುಳ್ಳೇ."

ಸ್ಟ್ರೌಡ್‌ನ ಮುಖದಲ್ಲಿ ಏನೋ ಸಡಿಲವಾಯಿತು. ಟ್ರಕ್ಕು ನಿಂತಿತು. ಅವನ ದನಿ ಬೇಡುವವನ ದನಿಯಾಯಿತು.

"ದೇವರಾಣೆ ಮಾಡಿ ಹೇಳು."

ಲೆನಹನ್ ಚರ್ಚಿನ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಸಾವು ಎದೆಯಿಂದ ಒಂದು ಗೇಣು ಮೇಲಿತ್ತು. ಆದರೂ ದೇವರ ಹೆಸರಿನಲ್ಲಿ ಸುಳ್ಳಾಡಲು ಮಾತ್ರ ಅವನ ನಾಲಿಗೆ ಹೊರಳಲಿಲ್ಲ. ಅಳತೊಡಗಿದ.

"ಆಗಲ್ಲ ಸಾರ್. ಅವತ್ತು ನಾನು ಹೇಳಿದ್ದು ನಿಜ. ಅವರ ಬ್ರೇಕ್ ಪೂರ್ತಿ ಹೋಗಿತ್ತು. ಕಾರು ಇಲ್ಲೇ ಬಿಡಮ್ಮ, ದುಡ್ಡು ಕೊಡಬೇಡ ಅಂತ ಕೈ ಮುಗಿದೆ. ಅವರು ಯಾರಿಗೋ ಫೋನ್ ಮಾಡಿದ್ರು. ಆಮೇಲೆ ನನ್ನ ಮುಖ ನೋಡಿ ನಕ್ಕುಬಿಟ್ಟು ಹೊರಟುಹೋದ್ರು."

ಸ್ಟ್ರೌಡ್ ಲಿವರಿನಿಂದ ಕೈ ತೆಗೆದ. ರಾಡನ್ನು ಎರಡೂ ಕೈಯಲ್ಲಿ ಎತ್ತಿದ. ಲೆನಹನ್ ಕಣ್ಣು ಮುಚ್ಚಿಕೊಂಡ. ಪೆಟ್ಟಿನ ಸದ್ದು ಬಂತು, ಮತ್ತೊಮ್ಮೆ ಬಂತು. ಅವನ ಮೈಗೆ ಏನೂ ತಾಗಲಿಲ್ಲ. ಕಣ್ಣು ತೆರೆದು ನೋಡಿದರೆ ಮುದುಕ ರಾಡಿನಿಂದ ತನ್ನ ಬಾಯಿಗೇ ಬಡಿದುಕೊಳ್ಳುತ್ತಿದ್ದ. ಹಲ್ಲುಗಳು ಸಿಮೆಂಟಿನ ನೆಲಕ್ಕೆ ಉದುರಿದವು.

ಸೋಮವಾರ ಮಗಳ ಆ ಫೋನಿಗೆ ಉತ್ತರಿಸಿದ್ದು ಅದೇ ಬಾಯಿ. ಪಕ್ಕದ ಊರಿನ ಇಂಥದೇ ಮಳಿಗೆಯಲ್ಲಿ, ಇಂಥದೇ ಕೆಲಸದಲ್ಲಿ ಕೂತು ಅದು ಹೇಳಿತ್ತು: "ಅಯ್ಯೋ ಹುಚ್ಚಿ, ಬ್ರೇಕ್ ಹೋಗಿದೆ ಅಂತ ನಾವು ಎಲ್ರಿಗೂ ಹೇಳ್ತೀವಿ ಕಣೇ, ಕಾರು ತಗೊಂಡು ಮನೆಗೆ ಹೋಗು."